ಹದಿನೇಳನೆಯ ಹುಡುಗಿಯ ಹೆಸರು

ನಲವತ್ತಾರು ತುಂಬಿದ ವರ್ಷ ನನಗೆ ಮನೆಯಲ್ಲಿ ಒಂದು ಕಡೆ ಕೂಡುವುದೇ ಆಗದಾಯಿತು. ಕೆಲಸವಿರಲಿಲ್ಲ ಎಂದಲ್ಲ. ಸೋಲಾಪುರದಲ್ಲಿ ನಾಲ್ಕೈದು ದಿನಕ್ಕೊಮ್ಮೆ ನಳಕ್ಕೆ ನೀರು ಬರುತ್ತದೆ. ಬಂದ ದಿನ ಕೊಡ, ಬಕೆಟ್ಟು, ಪಿಪಾಯಿ, ಕೊನೆಗೆ ಚಹದ ಪಾತ್ರೆಯನ್ನೂ ತುಂಬಿಡುವ ಹೊತ್ತಿಗೆ ಸೊಂಟ ಹಿಡಿದಿರುತ್ತದೆ. ಕೆಳಗೆ ಚಾದರ, ಟಾವೆಲ್ಲುಗಳ ನಮ್ಮ ಅಂಗಡಿ, ಮೇಲೆ ಮನೆ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು, ಮಗಳು. ಮಾವ ತೀರಿಕೊಂಡು ಬಹಳ ವರ್ಷವಾಯಿತು. ಮಗಳು ಕಾಲೇಜು ಸೇರಿದ ವಾರವೇ ಕೂದಲು ಕತ್ತರಿಸಿಕೊಂಡು ಬಂದಳು. ಅಲ್ಲಿಗೆ ದಿನಾ ಬೆಳಿಗ್ಗೆ ಅವಳ ಜಡೆ ಹೆಣೆಯುತ್ತಿದ್ದ ಹತ್ತು ನಿಮಿಷವೂ ನನ್ನ ಕೈ ಬಿಟ್ಟಿತು.

ಹತ್ತೇ ನಿಮಿಷ. ಆದರೆ ಅದು ಹೋದ ಮೇಲೆ ಉಳಿದ ದಿನವೆಲ್ಲ ಸಡಿಲಾಯಿತು. ಒರೆಸಿದ ಡಬ್ಬಿಗಳನ್ನೇ ಮತ್ತೆ ಒರೆಸುತ್ತಿದ್ದೆ. ಮಡಚಿದ ಸೀರೆ ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಮಧ್ಯಾಹ್ನ ಎಲ್ಲರೂ ಅಡ್ಡಾದಾಗ ನಾನೊಬ್ಬಳೇ ಅಡುಗೆಮನೆಯಿಂದ ಗ್ಯಾಲರಿಗೆ, ಗ್ಯಾಲರಿಯಿಂದ ಅಡುಗೆಮನೆಗೆ. ಅತ್ತೆ ಕಣ್ಣು ಮುಚ್ಚಿಕೊಂಡೇ ಅನ್ನುತ್ತಿದ್ದರು:

“ಕೂಡ ಒಂದ್ ಕಡೆ. ಮರಿ ಹಾಕಿದ ಬೆಕ್ಕಿನಂಗ ಯಾಕ ತಿರಗಾಕತ್ತಿ?”

ಬಾಲವಾಡಿ ಶಿಕ್ಷಕಿಯರ ಒಂದು ವರ್ಷದ ಕೋರ್ಸಿನ ಸುದ್ದಿಯನ್ನು ಮಗಳೇ ಮೊಬೈಲಿನಲ್ಲಿ ತೋರಿಸಿದಳು. ಹತ್ತನೆಯ ತರಗತಿ ಪಾಸಾಗಿದ್ದರೆ ಸಾಕು, ವಯಸ್ಸು ಕೇಳುವುದಿಲ್ಲ ಎಂದಿತ್ತು. ತಮಾಷೆಗೆ ತೋರಿಸಿದ್ದಳೋ ಏನೋ. ನಾನು ಮರುದಿನವೇ ಪೆಟ್ಟಿಗೆಯ ತಳದಿಂದ ನನ್ನ ಸರ್ಟಿಫಿಕೇಟು ತೆಗೆದೆ. ಗಂಡ ಬೇಡ ಅನ್ನಲಿಲ್ಲ. ಈಗ್ಯಾಕೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅಂಗಡಿಗೆ ಇಳಿದು ಹೋದರು. ಅತ್ತೆ ಮಾತ್ರ ನಕ್ಕರು. “ಮಕ್ಕಳ ಮೂಗ ಒರಸಾಕೂ ಈಗ ಪರೀಕ್ಷಾ ಅದ ಏನು?” ಅಂದರು.

ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಮಗಳನ್ನು ಬೆಳೆಸಿದವಳು, ನಾದಿನಿಯರ ಬಾಣಂತನ ಮಾಡಿದವಳು. ನನಗೆ ಇವರು ಏನು ಕಲಿಸುತ್ತಾರೆ? ತರಗತಿಯಲ್ಲಿ ಕೂತ ಮೇಲೆ ಒಂದೊಂದೇ ಗೊತ್ತಾಯಿತು. ನಾನು ಬಲ್ಲೆ ಅಂದುಕೊಂಡದ್ದರಲ್ಲಿ ಅರ್ಧ ತಪ್ಪು. ಮಗುವಿಗೆ ತುತ್ತು ಮಾಡಿ ತಿನ್ನಿಸಬಾರದು, ಚೆಲ್ಲಿದರೂ ಅದೇ ತಿನ್ನಲಿ. ಬಿದ್ದರೆ ಓಡಿ ಹೋಗಿ ಎತ್ತಬಾರದು. ಮೊದಲು ನೋಡಬೇಕು, ಅದು ನಮ್ಮ ಮುಖ ನೋಡುತ್ತದೋ, ತಾನೇ ಏಳುತ್ತದೋ. ಗುಂಡಿ ಹಾಕಿಕೊಳ್ಳಲು ಐದು ನಿಮಿಷ ತಗೊಂಡರೆ ಐದು ನಿಮಿಷ ಕಾಯಬೇಕು. ಕಾಯುವುದು ನನಗೆ ಬರುತ್ತದೆ, ಆದರೆ ಕೈ ಕಾಯುವುದಿಲ್ಲ. ಕೋರ್ಸಿನ ಮೇಡಂ ಮರಾಠಿಯವರು, ನನಗಿಂತ ನಾಲ್ಕೈದು ವರ್ಷ ಸಣ್ಣವರು. ನನ್ನನ್ನು ನೋಡಿ ನೋಡಿ ಒಂದು ದಿನ, ನೀವು ಮಕ್ಕಳ ಹತ್ತಿರ ಹೋಗುವಾಗ ಕೈ ಹಿಂದಕ್ಕೆ ಕಟ್ಟಿಕೊಳ್ಳಿ ಅಂದರು. ಜೊತೆಗೆ ಕಲಿಯುತ್ತಿದ್ದ, ನನ್ನ ಅರ್ಧ ವಯಸ್ಸಿನ ಹುಡುಗಿಯರೆಲ್ಲ ನಕ್ಕರು. ನಾನು ಕಟ್ಟಿಕೊಂಡೆ.

ನನ್ನ ತವರು ಅಕ್ಕಲಕೋಟೆ ತಾಲೂಕಿನ ಚಪಳಗಾಂವ. ಕಲಿತದ್ದು ಕನ್ನಡ ಶಾಲೆಯಲ್ಲಿ. ಮರಾಠಿ ಮದುವೆಯಾದ ಮೇಲೆ ಬಾಯಿಗೆ ಬಂದದ್ದು, ಬರೆಯಲು ಕೂತರೆ ಈಗಲೂ ತಡ. ಅದಕ್ಕೇ ಮೂರು ತಿಂಗಳ ಕೆಲಸದ ಅಭ್ಯಾಸಕ್ಕೆ ನನ್ನನ್ನು ಅಕ್ಕಲಕೋಟೆಯ ಒಂದು ಬಾಲವಾಡಿಗೆ ಹಾಕಿದರು. ಅಲ್ಲಿ ಹಾಡು ಮರಾಠಿಯವು, ಅಳುವುದು ಕನ್ನಡದಲ್ಲಿ. ಎರಡೂ ಬಲ್ಲವಳು ಬೇಕಿತ್ತು.

ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಪಲ್ಯ ಮುಚ್ಚಿಟ್ಟು, ಏಳೂಮುಕ್ಕಾಲರ ಎಸ್ಟಿ ಬಸ್ಸು ಹಿಡಿಯುತ್ತಿದ್ದೆ. ಕಿಟಕಿಯ ಪಕ್ಕ ಜಾಗ ಸಿಕ್ಕರೂ ಬೆನ್ನು ಆನಿಸಿ ಕೂತವಳಲ್ಲ. ಚೀಲದಲ್ಲಿ ಬರೆಯುವ ವಹಿ ಇದೆಯೋ, ಡಬ್ಬಿ ಇದೆಯೋ, ಗ್ಯಾಸು ಬಂದ್ ಮಾಡಿದೆನೋ ಎಂದು ಒಂದು ತಾಸಿನ ದಾರಿಯುದ್ದಕ್ಕೂ ಒಂದಲ್ಲ ಒಂದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬಾಲವಾಡಿಗೆ ಎರಡು ಕೋಣೆ. ದೊಡ್ಡ ಮಕ್ಕಳ ಕೋಣೆ ಅಲ್ಲಿಯ ಕಾಯಂ ಶಿಕ್ಷಕಿಯದು. ಮೂರು ನಾಲ್ಕು ವರ್ಷದ ಇಪ್ಪತ್ತೆರಡು ಮಕ್ಕಳ ಸಣ್ಣ ಕೋಣೆಯನ್ನು ಅವರು ನನಗೆ ಬಿಟ್ಟರು. ಆ ಮಕ್ಕಳಿಗೆ ನಾನು ‘ಬಾಯಿ’ಯಾದೆ, ಇಲ್ಲಿ ಶಿಕ್ಷಕಿಯನ್ನು ಹಾಗೇ ಕರೆಯುತ್ತಾರೆ.

ದಿನದ ಮೊದಲ ಕೆಲಸ ಚೆಂಡಿನ ಆಟ. ಅಂಗಡಿಯ ಟಾವೆಲ್ಲಿನ ತುಂಡುಗಳನ್ನು ತುಂಬಿ ನಾನೇ ಹೊಲಿದ ಚೆಂಡು. ಮಕ್ಕಳು ಗುಂಡಗೆ ಕೂಡುತ್ತವೆ. ಬಾಯಿ ಒಬ್ಬರ ಹೆಸರು ಕರೆದು ಚೆಂಡು ಉರುಳಿಸಬೇಕು. ಆ ಮಗು ಹಿಡಿದು, ‘ಓ’ ಅಂದು, ತಿರುಗಿ ಉರುಳಿಸಬೇಕು. ಹಾಜರಿಯೂ ಆಯಿತು, ಆಟವೂ ಆಯಿತು. ಹೊಸದಾಗಿ ಬಂದ ಮಗು ಈ ಕೋಣೆಯಲ್ಲಿ ತನಗೊಂದು ಜಾಗವಿದೆ ಎಂದು ತಿಳಿಯುವುದೇ ಇದರಿಂದ ಎಂದು ಮೇಡಂ ಮೊದಲ ತಿಂಗಳೇ ಹೇಳಿಕೊಟ್ಟಿದ್ದರು.

ಮೊದಲ ದಿನ ಹಾಜರಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಒಂದರಿಂದ ಹದಿನಾರರವರೆಗೆ ಚೆನ್ನಾಗಿಯೇ ಕರೆದೆ. ಹದಿನೇಳರ ಮುಂದೆ ನನ್ನ ಅತ್ತೆಯ ಹೆಸರಿತ್ತು.

ನಮ್ಮ ಕಡೆ ಹಿರಿಯರ ಹೆಸರು ಸೊಸೆಯಾದವಳು ಅನ್ನುವುದಿಲ್ಲ. ಗಂಡನ ಹೆಸರಿಗಾದರೂ ಒಂದು ದಾರಿಯಿದೆ: ಮದುವೆ, ಸೀಮಂತಗಳಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಕೇಳುತ್ತಾರೆ, ಒಡಪು ಕಟ್ಟಿ ಅದರೊಳಗೆ ಆ ಹೆಸರನ್ನು ಸೇರಿಸಿ ಹೇಳಿ ಒಳಗೆ ಹೋಗಬಹುದು. ಅತ್ತೆಯ ಹೆಸರಿಗೆ ಒಡಪಿಲ್ಲ. ನಮ್ಮ ಅತ್ತೆಯದು ಒಂದು ನದಿಯ ಹೆಸರು. ಮಗಳಿಗೆ ಭೂಗೋಳ ಹೇಳಿಕೊಡುವಾಗ ‘ನಿಮ್ಮ ಅಜ್ಜಿ ಹೆಸರಿನ ಹೊಳಿ ಎಲ್ಲಿ ಹುಟ್ಟತದ ಹೇಳು’ ಎಂದು ಕೇಳಿದವಳು ನಾನು. ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಅದು ನನ್ನ ಬಾಯಿಯಿಂದ ಬಿದ್ದಿರಲಿಲ್ಲ. ಯಾರೂ ಕಾವಲು ಕೂತು ತಡೆದದ್ದಲ್ಲ. ಅನ್ನಲು ಹೋದರೆ ನಾಲಿಗೆ ತಾನೇ ಹಿಂದಕ್ಕೆ ಸರಿಯುತ್ತದೆ, ಬಿಸಿ ಪಾತ್ರೆಯಿಂದ ಕೈ ಸರಿದ ಹಾಗೆ.

ಹದಿನೇಳನೆಯ ಹುಡುಗಿಗೆ ಮೂರೂವರೆ ವರ್ಷ. ದಪ್ಪ ರೆಪ್ಪೆ, ಬಿಗಿಯಾಗಿ ಕಟ್ಟಿದ ಎರಡು ಜುಟ್ಟು. ನಾನು ಪುಸ್ತಕ ಮುಚ್ಚಿ, ಅವಳ ಕಡೆ ಚೆಂಡು ಉರುಳಿಸಿ, “ಹಿಡಿಯವ್ವಾ” ಅಂದೆ. ಹಿಡಿದಳು. ಅಷ್ಟೇ, ದಾಟಿತು ಅಂದುಕೊಂಡೆ. ಎರಡನೆಯ ದಿನ “ತಗೋ ನನ್ನ ಬಂಗಾರ” ಅಂದೆ. ಮೂರನೆಯ ದಿನ ‘ಓ ಜುಟ್ಟಿನಾಕಿ’. ದಿನಾ ಒಂದೊಂದು ಹುಡುಕುವುದು ನನಗೇ ಬೇಸರವಾಗಿ, ಒಂದು ದಿನ ನಗುತ್ತ, “ಬರ್ರಿ ಅತ್ತಿ, ಚೆಂಡ ತಗೋರಿ” ಎಂದುಬಿಟ್ಟೆ.

ಆ ಮಾತು ಮಕ್ಕಳ ಬಾಯಿಗೆ ಬೆಲ್ಲವಾಯಿತು. ಡಬ್ಬಿ ತಿನ್ನುವಾಗ ಅತ್ತಿ, ಚಪ್ಪಲಿ ಹುಡುಕುವಾಗ ಅತ್ತಿ, ಬಾಗಿಲಲ್ಲಿ ಅತ್ತಿ. ಎರಡು ವಾರ ಕಳೆಯುವುದರೊಳಗೆ ಹುಡುಗಿ ಚೆಂಡು ಹಿಡಿಯುವುದನ್ನು ಬಿಟ್ಟಳು. ಚೆಂಡು ಬಂದು ಮೊಣಕಾಲಿಗೆ ತಾಗಿದರೂ ಅಂಗಿಯ ಅಂಚು ಸುರುಳಿ ಸುತ್ತುತ್ತ ಕೂತಿರುತ್ತಿದ್ದಳು. ಆಮೇಲೆ ಗುಂಡಗೆ ಕೂಡುವುದನ್ನೇ ಬಿಟ್ಟಳು. ನೀರಿನ ಮಡಕೆಯ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಮಕ್ಕಳನ್ನು ಗಮನಿಸಿ ನಾನು ದಿನಾ ಬರೆಯಬೇಕಾದ ವಹಿಯಲ್ಲಿ ಇದೆಲ್ಲ ಇದೆ. ‘ಇಂದು ೧೭ ಡಬ್ಬಿ ತಾನೇ ತೆರೆದಳು.’ ‘೧೭ ಆಟಕ್ಕೆ ಬರಲಿಲ್ಲ.’ ‘೧೭ ಯಾರೊಡನೆಯೂ ಮಾತಾಡಲಿಲ್ಲ.’ ಬರೆಯುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವಳಲ್ಲ. ಕಾರಣವನ್ನು ಮಾತ್ರ ಬರೆದಿರಲಿಲ್ಲ.

ಕೊನೆಯ ಪರೀಕ್ಷೆಗೆ ಎರಡು ವಾರವಿದ್ದಾಗ ಮೇಡಂ ನೋಡಲು ಬಂದರು. ಆ ಪರೀಕ್ಷೆ ಎಂದರೆ ಹೊರಗಿನ ಪರೀಕ್ಷಕರು ಬಂದು ಮೂಲೆಯಲ್ಲಿ ಕೂತು ನಮ್ಮ ಒಂದು ಬೆಳಗನ್ನು ಪೂರ್ತಿ ನೋಡುವುದು. ಮೇಡಂ ವಹಿ ತಿರುವುತ್ತ ತಿರುವುತ್ತ, ಇಪ್ಪತ್ತೊಂದು ಮಕ್ಕಳಿಗೆ ಹೆಸರಿದೆ, ಒಬ್ಬಳಿಗೆ ಮಾತ್ರ ನಂಬರು ಯಾಕೆ ಎಂದು ಕೇಳಿದರು. ಹೇಳಿದೆ. ಅವರು ನಗಲಿಲ್ಲ. ನಮ್ಮ ಅಜ್ಜಿಯ ಮನೆಯಲ್ಲೂ ಹೀಗೇ ಇತ್ತು ಅಂದರು. ಆಮೇಲೆ ವಹಿ ಮುಚ್ಚಿ ನನ್ನ ಕೈಗೆ ಕೊಟ್ಟು, ಪರೀಕ್ಷಕರು ಮೊದಲು ನೋಡುವುದೇ ಹೆಸರಿನ ಆಟ, ಒಂದು ಮಗುವನ್ನು ಕರೆಯದೆ ಬಿಟ್ಟವರನ್ನು ಪಾಸು ಮಾಡಲು ಅವರಿಗೂ ಬರುವುದಿಲ್ಲ, ತಮಗೂ ಬರುವುದಿಲ್ಲ ಎಂದರು. ದನಿ ಏರಿಸಲಿಲ್ಲ. ಅದೇ ಹೆಚ್ಚು ತಟ್ಟಿತು.

ಅಂದಿನಿಂದ ಶುರುವಾಯಿತು ನನ್ನ ಪರದಾಟ. ಎಸ್ಟಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದೆ. ಮೊದಲ ಅಕ್ಷರ ಬರುತ್ತಿತ್ತು, ಎರಡನೆಯದಕ್ಕೆ ಬಾಯಿ ಒಣಗುತ್ತಿತ್ತು. ಬಚ್ಚಲಲ್ಲಿ ಬಕೆಟ್ಟಿಗೆ ನೀರು ಸುರಿಯುವ ಸದ್ದಿನಲ್ಲಿ ಅಂದು ನೋಡೋಣವೆಂದು ಒಂದಿಡೀ ಬಕೆಟ್ಟು ಚೆಲ್ಲಿದೆ. ನಳ ಬರಲು ಇನ್ನೂ ಮೂರು ದಿನವಿತ್ತು. ಗಂಡನಿಗೆ ಹೇಳಿದರೆ, ಅಕ್ಕಲಕೋಟೆಯಲ್ಲಿ ಅಂದರೆ ಇಲ್ಲಿ ಯಾರಿಗೆ ಗೊತ್ತಾಗುತ್ತದೆ, ಸುಮ್ಮನೆ ಅಂದು ಪಾಸಾಗು ಅಂದರು. ಅವರ ಪಾಲಿಗೆ ಅದು ತಾಯಿಯ ಹೆಸರು, ಸಲೀಸಾಗಿ ಅನ್ನುತ್ತಾರೆ. ಇಷ್ಟು ವರ್ಷ ಯಾರೂ ಇಲ್ಲದಾಗಲೂ ಅನ್ನದವಳಿಗೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಏನು ಸಹಾಯ?

ಆ ವಾರವೇ ಹುಡುಗಿಯ ತಾಯಿ ಗೇಟಿನಲ್ಲಿ ನನ್ನನ್ನು ನಿಲ್ಲಿಸಿದಳು. ಊರ ಹೊರಗಿನ ಹೊಲದ ಮನೆಯವಳು. ಮಗಳನ್ನು ಕರೆದೊಯ್ಯಲು ದಿನಾ ಬರುತ್ತಿದ್ದಳು, ಮಾತು ಕಡಿಮೆ.

“ಬಾಯಾರ, ಒಂದ್ ಮಾತ ಕೇಳ್ಲ್ಯಾ? ನಮ್ಮಾಕಿ ತನ್ನ ಹೆಸರ ಅತ್ತಿ ಅಂತ ಹೇಳಾಕತ್ತಾಳ್ರಿ.”

ಮಕ್ಕಳ ತಮಾಷೆ ಎಂದು ನಾನು ತೇಲಿಸಲು ನೋಡಿದೆ. ಅವಳು ಬಿಡಲಿಲ್ಲ.

“ಮನ್ಯಾಗ ಆಕಿ ಅಪ್ಪ ಆಕಿಗಿ ಅವ್ವಾ ಅಂತಾನ. ಸತ್ತ ತಾಯಿ ಹೆಸರ ಇಟ್ಟಾನ ನೋಡ್ರಿ. ನಾ ಅಂತೂ ಅನ್ನಂಗಿಲ್ಲ, ನಮ್ಮತ್ತಿ ಹೆಸರದು. ದಿನಾ ಅವರ ಫೋಟೋಕ್ಕ ಹೂವ ಏರಸ್ತೀನಿ, ಹೆಸರ ಮಾತ್ರ ಬಾಯಾಗ ಬರಂಗಿಲ್ಲ. ಸಾಲ್ಯಾಗರ ಯಾರರ ಕರೀತಾರಂತ ಕಳಿಸೀನ್ರಿ ಬಾಯಾರ.”

ನಾನು ಸುಳ್ಳು ಹೇಳಲಾರದೆ, ನಮ್ಮ ಅತ್ತೆಯ ಹೆಸರೂ ಅದೇ ಎಂದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗು ನಿಂತ ಮೇಲೆ ಮಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅಂದಳು:

“ಹಂಗಾರ ನೀವೂ ನನ್ನಂಗ ಆದ್ರಿ. ಆದ್ರ ನಾ ಬರೇ ಸೊಸಿ. ನೀವ ಬಾಯಾರು ನೋಡ್ರಿ.”

ಹುಡುಗಿ ಅವಳ ಸೀರೆಯ ನೆರಿಗೆ ಹಿಡಿದು ನಿಂತು ನನ್ನ ಗಂಟಲನ್ನೇ ನೋಡುತ್ತಿದ್ದಳು ಎಂದು ನನಗೆ ಅನ್ನಿಸಿತು. ಇರಲಿಕ್ಕಿಲ್ಲ, ಮಣಿಸರ ನೋಡುತ್ತಿದ್ದಿರಬೇಕು.

ಅಂದು ಮನೆಗೆ ಬಂದವಳು ಕೈಕಾಲು ತೊಳೆಯದೆ ಅತ್ತೆಯ ಎದುರು ಕೂತೆ. ಅವರು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಎಲ್ಲವನ್ನೂ ಹೇಳಿದೆ: ಹುಡುಗಿ, ಚೆಂಡು, ಮೇಡಂ, ಪರೀಕ್ಷೆ. ಕೊನೆಗೆ, ಶಾಲೆಯಲ್ಲಿ ಅಷ್ಟೇ, ಮನೆಯಲ್ಲಿ ಎಂದೂ ಇಲ್ಲ, ಅನ್ನಲೇನು ಎಂದು ಕೇಳಿದೆ. ಕೇಳಿ ಒಪ್ಪಿಗೆ ಪಡೆದರೆ ನಾಲಿಗೆ ಸಡಿಲಾಗುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಅತ್ತೆ ಬಹಳ ಹೊತ್ತು ಕಲ್ಲು ಆರಿಸಿದರು. ಬೇಳೆಯಲ್ಲಿ ಅಷ್ಟು ಕಲ್ಲಿರಲಿಲ್ಲ.

“ಕೇಳಬಾರದಿತ್ತು ನೀ,” ಅಂದರು. “ಕೇಳದ ಅಂದಿದ್ರ ನನಗ ಗೊತ್ತಾಗತಿದ್ದಿಲ್ಲ, ಆಗಿಹೋಗತಿತ್ತು. ಕೇಳಿದ ಮ್ಯಾಲ ನಾ ಹೂಂ ಅನಬೇಕೇನ? ನಮ್ಮತ್ತಿ ಸತ್ತ ಮೂವತ್ತ ವರ್ಷಾತು. ಆಕಿ ಹೆಸರ ನಾ ಇವತ್ತಿನ ತನಕಾ ಅಂದಿಲ್ಲ.”

ಮೊರ ಎತ್ತಿಕೊಂಡು ಎದ್ದರು. ಬಾಗಿಲ ಹತ್ತಿರ ನಿಂತು, ತಿರುಗದೆ, “ಬ್ಯಾಡ” ಅಂದರು.

ನನ್ನ ತಪ್ಪು ಆಗ ತಿಳಿಯಿತು. ಕೇಳುವ ಮೊದಲು ಇದ್ದದ್ದು ರೂಢಿ. ಕೇಳಿದ ಮೇಲೆ ಅದು ಆಣೆಯಂತಾಯಿತು. ಮರ್ಯಾದೆ ಇಡಲು ಹೋಗಿ ಅವರ ಕೈಯಿಂದಲೇ ಬಾಗಿಲು ಹಾಕಿಸಿಕೊಂಡಿದ್ದೆ. ಈಗ ಅಂದರೆ, ಗೊತ್ತಿದ್ದೂ ಮೀರಿದ ಹಾಗೆ. ಅನ್ನದಿದ್ದರೆ ಒಂದು ವರ್ಷದ ಓಡಾಟ ನೀರಿಗೆ ಬಿದ್ದ ಹಾಗೆ, ಮತ್ತೆ ಗ್ಯಾಲರಿ, ಮತ್ತೆ ಒರೆಸಿದ ಡಬ್ಬಿ. ಉಳಿದ ದಿನಗಳು ಹೇಗೆ ಹೋದವೋ ನನಗೆ ಸರಿಯಾಗಿ ನೆನಪಿಲ್ಲ. ಉಪ್ಪು ಎರಡು ಸಲ ಹಾಕಿದ ಪಲ್ಯವನ್ನು ಎಲ್ಲರೂ ಮೊಸರು ಹಾಕಿಕೊಂಡು ಉಂಡದ್ದು ನೆನಪಿದೆ. ಅಕ್ಕಲಕೋಟೆ ದಾಟಿ ದುಧನಿಗೆ ಹೋಗುವ ಎಸ್ಟಿ ಹತ್ತಿ, ಕಂಡಕ್ಟರು ಹೇಳಿದ ಮೇಲೆ ಅಕ್ಕಲಕೋಟೆಯಲ್ಲಿ ಗಡಿಬಿಡಿಯಿಂದ ಇಳಿದದ್ದು ನೆನಪಿದೆ.

ಪರೀಕ್ಷೆಯ ದಿನ ಬಂದ ಪರೀಕ್ಷಕರು ವಯಸ್ಸಾದ ಹೆಂಗಸು. ಮಕ್ಕಳ ಸಣ್ಣ ಕುರ್ಚಿಯ ಮೇಲೆ ಮೊಣಕಾಲು ಎದೆಯ ತನಕ ಬರುವ ಹಾಗೆ ಕೂತು ಕಾಗದ ತೆಗೆದರು. ಮೇಡಂ ಬಾಗಿಲಲ್ಲಿ. ಮಕ್ಕಳು ಗುಂಡಗೆ ಕೂತವು. ಹದಿನೇಳನೆಯವಳು ಮಡಕೆಯ ಹತ್ತಿರವೇ. ಕೈ ಹಿಡಿದು ಎಳೆದು ತರಬಾರದು, ಅದೂ ಕಲಿತ ಪಾಠ. ಒಂದರಿಂದ ಕರೆಯುತ್ತ ಹೋದೆ. ಹದಿನಾರನೆಯ ಹುಡುಗ ‘ಓ’ ಅಂದು ಚೆಂಡನ್ನು ಜೋರಾಗಿ ತಳ್ಳಿದ. ಅದು ನನ್ನ ತೊಡೆಗೆ ಬಂದು ನಿಂತಿತು.

ಚೆಂಡು ಎತ್ತಿಕೊಂಡೆ. ಎದುರಿಗೆ ಅತ್ತೆಯ ಮೊರ ಬಂತು, ಬೆನ್ನು ಬಂತು. ಆ ಹುಡುಗಿಯ ಅಂಗಿಯ ಅಂಚು ಸುರುಳಿಯಾಗಿ ಸುತ್ತಿ ಸುತ್ತಿ ದಾರ ಬಿಟ್ಟಿತ್ತು. ಅದನ್ನೇ ನೋಡುತ್ತ ಅಂದುಬಿಟ್ಟೆ.

ದನಿ ನನ್ನದಲ್ಲವೆಂಬಂತೆ ಒಡೆದು ಬಂತು. ಹುಡುಗಿ ತಲೆ ಎತ್ತಲಿಲ್ಲ. ಇನ್ನೊಮ್ಮೆ ಅಂದೆ. ಈ ಸಲ ಅವಳು ತಲೆ ಎತ್ತಿ, ನನ್ನ ಕಡೆಯಲ್ಲ, ಗೋಡೆಯ ಮೇಲೆ ನೋಡಿದಳು. ಅಲ್ಲಿ ಹಣ್ಣುಗಳ ಚಿತ್ರಪಟವಿತ್ತು. ಅವಳು ಹುಡುಕುತ್ತಿದ್ದದ್ದು ಹೂವು ಏರಿಸಿದ ಫೋಟೋವನ್ನು. ಆ ಹೆಸರು ಅವಳ ಮನೆಯಲ್ಲಿ ಗೋಡೆಯ ಮೇಲಿರುವವರದು. ತನ್ನದು ಎಂದು ಯಾರೂ ಅವಳಿಗೆ ತೋರಿಸಿಯೇ ಇರಲಿಲ್ಲ. ನಾನು ಎದ್ದು, ಮಡಕೆಯ ಹತ್ತಿರ ಹೋಗಿ, ಅವಳ ಕಣ್ಣಿಗೆ ಕಣ್ಣು ಸಮವಾಗುವಂತೆ ಕೂತು, ಮೂರನೆಯ ಸಲ ಹೆಸರು ಹಿಡಿದು ಕರೆದೆ. “ಅದು ನೀನೇ. ನಿನ್ನ ಹೆಸರು,” ಅಂದೆ. ಚೆಂಡನ್ನು ನೆಲದ ಮೇಲಿಟ್ಟು ಮೆಲ್ಲಗೆ ತಳ್ಳಿದೆ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡೆ.

ಅವಳು ಎರಡೂ ಕೈಯಿಂದ ಚೆಂಡು ಎತ್ತಿ ಹೊಟ್ಟೆಗೆ ಒತ್ತಿಕೊಂಡಳು. ‘ಓ’ ಅನ್ನಲಿಲ್ಲ. ತಿರುಗಿ ಕೊಡಲೂ ಇಲ್ಲ. ಹಿಂದೆ ಮಕ್ಕಳು ಗಲಾಟೆ ಹಚ್ಚಿದವು, ಹದಿನೆಂಟನೆಯವ ತನ್ನ ಪಾಳಿ ಎಂದು ಅಳತೊಡಗಿದ. ಪರೀಕ್ಷಕರು ಬರೆಯುತ್ತಿದ್ದರು. ನಾನು ಕಾದೆ. ಜೀವನದಲ್ಲಿ ಅಷ್ಟು ಉದ್ದವಾಗಿ ಕಾದದ್ದು ಗೊತ್ತಿಲ್ಲ. ಕೊನೆಗೆ ಅವಳು ಚೆಂಡು ಹಿಡಿದುಕೊಂಡೇ ನಡೆದು ಬಂದು ಹದಿನಾರನೆಯವನ ಪಕ್ಕ ಕೂತಳು.

ಆ ಮಧ್ಯಾಹ್ನ ಮನೆಯ ಮೆಟ್ಟಿಲು ಹತ್ತುವಾಗಲೇ ಅತ್ತೆಗೆ ನನ್ನ ಮುಖದಲ್ಲಿ ಕಂಡಿರಬೇಕು.

“ಅಂದೇನ?”

“ಅಂದೆನ್ರಿ. ಮೂರು ಸಲ.”

ಅವರು ಒಳಗೆ ನಡೆದರು. ಚಹಾ ಕೊಟ್ಟರೆ ಕುಡಿದರು. ಆದರೆ ಎಂಟು ದಿನ ನನ್ನ ಕೈಯಿಂದ ನೀರು ಇಸಿದುಕೊಳ್ಳಲಿಲ್ಲ, ತಾವೇ ಎದ್ದು ಹೋಗಿ ಕೊಡದಲ್ಲಿ ತಂಬಿಗೆ ಮುಳುಗಿಸಿ ತಗೊಂಡರು. ನಾನು ಕ್ಷಮೆ ಕೇಳಲಿಲ್ಲ. ಕೇಳಿ ಒಮ್ಮೆ ಕೆಟ್ಟಿದ್ದೆ.

ಪಾಸಾದೆ, ಎರಡನೆಯ ದರ್ಜೆಯಲ್ಲಿ. ಒಂದೇ ಮಗುವಿಗೆ ಬಹಳ ಹೊತ್ತು ಕೊಟ್ಟರು, ಉಳಿದವರ ಶಿಸ್ತು ತಪ್ಪಿತು ಎಂದು ಪರೀಕ್ಷಕರು ಬರೆದಿದ್ದರಂತೆ. ಅದು ನಿಜವೇ. ಅದೇ ಬಾಲವಾಡಿಯವರು ಜೂನಿನಿಂದ ನನ್ನನ್ನು ಕೆಲಸಕ್ಕೆ ಕರೆದರು. ಈಗ ದಿನಾ ಆ ಹೆಸರು ಕರೆಯುತ್ತೇನೆ. ಪ್ರತಿ ಸಲವೂ ಅದರ ಮುಂದೆ ಅರೆಗಳಿಗೆ ತಡವರಿಸುತ್ತೇನೆ, ಮಕ್ಕಳಿಗೆ ತಿಳಿಯದಷ್ಟು. ಸಂಜೆ ಸೋಲಾಪುರದಲ್ಲಿ ಇಳಿದ ಮೇಲೆ ಅದು ಮತ್ತೆ ಬಾಯಿಗೆ ಬರುವುದಿಲ್ಲ. ಭಾನುವಾರಗಳಂದು ಈಗಲೂ ಒಳಗೆ ಹೊರಗೆ ತಿರುಗುತ್ತೇನೆ.

ಮಳೆಗಾಲ ಮುಗಿಯುತ್ತಿದ್ದಾಗ ಒಂದು ದಿನ ಸೊಪ್ಪು ಸೋಸುತ್ತ ಕೂತಿದ್ದೆವು. ಅತ್ತೆ ಇದ್ದಕ್ಕಿದ್ದ ಹಾಗೆ ಕೇಳಿದರು:

“ಬಂದಿದ್ಲೇನ ಇವತ್ತ, ಆಕಿ?”

ಯಾರೆಂದು ನಾನು ಕೇಳಲಿಲ್ಲ. ಬಂದಿದ್ದಳು, ಪಕ್ಕದಲ್ಲಿ ಕೂತ ಹುಡುಗನ ಕೈ ಕಚ್ಚಿದಳು, ಇಬ್ಬರನ್ನೂ ಬಿಡಿಸುವುದರಲ್ಲಿ ಸಾಕಾಯಿತು ಎಂದೆ.

ಅತ್ತೆ ಸೊಪ್ಪಿನ ದಂಟು ಮುರಿದು ಬದಿಗೆ ಹಾಕಿದರು.

“ಸುಮ್ಮಸುಮ್ಮನ ಯಾಕ ಕಚ್ತಾಳ?” ಅಂದರು. “ಅವನೇ ಏನರ ಅಂದಿರಬೇಕು. ಸರಿಯಾಗಿ ಕೇಳು ನಾಳಿಗಿ.”